ಮೊಳೆಗೆ ನೇತುಬಿದ್ದ ನಟ

“ಇವನ್ಯಾವನ್ಲಾ?” ಎಂದು ದೊಡ್ಡಮ್ಮ ಕೂಗಿದ್ದಕ್ಕೆ ನಡುಮನೆಗೆ ಓಡಿದೆ. ನುಗ್ಗೇಹಳ್ಳಿಯ ಅವರ ಮನೆಯಲ್ಲಿ ಧಾರಾವಾಹಿ ಶೂಟಿಂಗ್ ಆಗಷ್ಟೇ ಮುಗಿದಿತ್ತು. ತೀರಿಕೊಂಡ ದೊಡ್ಡಪ್ಪನ ಫೋಟೊ ಇದ್ದ ಮೊಳೆಯಲ್ಲಿ ಯಾವನೋ ನಟ ಹಾರ ಹಾಕಿಕೊಂಡು ನಗುತ್ತಿದ್ದ.

ದೃಶ್ಯದಿಂದ ದೃಶ್ಯಕ್ಕೆ ಒಂದು ಚಮಚವೂ ಕದಲದಂತೆ ಕಾಯುವುದೇ ‘ಕಂಟಿನ್ಯುಟಿ’ ಸಹಾಯಕನ ಉದ್ಯೋಗವಂತೆ. ಆ ಪಂಡಿತ ಮೊಬೈಲ್ ತೋರಿಸಿದ: “ನೋಡಿ ಸಾರ್, ಮೊದಲೇ ಗೋಡೇನ ಕ್ಲಿಕ್ ಮಾಡಿಟ್ಟಿದ್ದೀನಿ. ಇದೇ ಇತ್ತು.” ಅವನು ಅದನ್ನು ಕ್ಲಿಕ್ಕಿಸಿದ್ದು ಮನೆಯನ್ನು ಸೆಟ್ ಮಾಡಿ, ದೊಡ್ಡಪ್ಪನ ಫೋಟೊ ಇಳಿಸಿದ ಮೇಲೆ!

“ಅವ್ರ ಜತೆ ಬಾಳ್ವೆ ಮಾಡ್ದೋಳು ನಾನು ಕಣ್ಲಾ, ನಿನ್ ಮೊಬೈಲಲ್ಲ!” ಎಂದರು ದೊಡ್ಡಮ್ಮ.

ಇದ್ದದ್ದು ಅದೊಂದೇ ಫೋಟೊ. ಸೆಟ್ಟಿನ ಸಾಮಾನಿನ ಜೊತೆ ಲಾರಿ ಹತ್ತಿದ್ದು ವಾಪಸ್ ಬರಲಿಲ್ಲ. ದೊಡ್ಡಪ್ಪನನ್ನು ನೆನೆದರೆ ನನಗೀಗ ಆ ನಟನ ಮೀಸೆಯೇ ಅಡ್ಡ ಬರುತ್ತದೆ. ದೊಡ್ಡಪ್ಪನಿಗೆ ಮೀಸೆ ಇತ್ತೇ ಎಂದು ದೊಡ್ಡಮ್ಮನನ್ನು ಕೇಳಲು ನಾಚಿಕೆ.