ಬೀಗದಣ್ಣನ ಮರೆವು

ಬ್ರೆಡ್ ಕಾರ್ಖಾನೆಯ ಫಿಟ್ಟರ್‌ಗೆ ಬೀಗದಣ್ಣ ಎಂಬ ಹೆಸರು ಸುಮ್ಮನೆ ಅಂಟಿದ್ದಲ್ಲ. ಹಿಟ್ಟು ಕಲಸುವ ಯಂತ್ರಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಇಳಿಸಬೇಕು, ಅದಕ್ಕೆ ತನ್ನ ಕೆಂಪು ಬೀಗ ಜಡಿಯಬೇಕು, ಬೀಗದ ಕೈ ಪ್ಯಾಂಟಿನ ಜೇಬು ಸೇರಬೇಕು. ಆಮೇಲೂ ಹಸಿರು ಗುಂಡಿ ಒತ್ತಿ, ಯಂತ್ರ ಮಿಸುಕುವುದಿಲ್ಲ ಎಂದು ಕಂಡ ಮೇಲೆಯೇ ಅವನ ಸ್ಪಾನರ್ ಮೇಲೇಳುತ್ತಿತ್ತು. ಐದು ನಿಮಿಷದ ಕೆಲಸಕ್ಕೂ ಅಷ್ಟೇ ಪುರಾಣ. ಮನೆಯಲ್ಲಿ ಮಿಕ್ಸಿ ರಿಪೇರಿಗೆ ಕೂತರೆ ಪ್ಲಗ್ಗು ಕಿತ್ತು ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ ಎಂದು ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ನಗುವವರು ನಗಲಿ. ಅವನಿಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಇದೇ ಯಂತ್ರದೊಳಗೆ ಬಗ್ಗಿದ್ದಾಗ ಯಾರೋ ಪುಣ್ಯಾತ್ಮ ಗುಂಡಿ ಒತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಿರಿಯರ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಅಂದಿನಿಂದ ಹೊಸಬರಿಗೆಲ್ಲ ಬೀಗದಣ್ಣನದು ಒಂದೇ ಪಾಠ: "ಬೀಗ ಹಾಕಿದವನೇ ತೆಗೀಬೇಕು. ಬೇರೆಯವರು ಮುಟ್ಟಿದ್ರೆ ಕೈ ಮುರೀತೀನಿ!"

"ಕೈ ಉಳಿಸೋಕೆ ಕೈ ಮುರಿಯೋದಾ ಅಣ್ಣ?" ಎಂದು ಯಂತ್ರ ನಡೆಸುವ ಅಕ್ಕ ಛೇಡಿಸುತ್ತಿದ್ದಳು. ಅವಳ ಬಾಯಿಗೆ ಬೀಗ ಹಾಕುವವರು ಮಾತ್ರ ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ.

ಐದು ತಿಂಗಳ ಮೊಮ್ಮಗಳು ಮೊದಲ ಸಲ ಮನೆಗೆ ಬರುವ ದಿನ ಬೀಗದಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಂತ್ರದ ಬೆಲ್ಟ್ ಬದಲಿಸಿ ಮುಗಿಸುವುದಕ್ಕೂ ಪಾಳಿ ಬದಲಾಗುವ ಎರಡು ಗಂಟೆಯ ಸೈರನ್ ಕೂಗುವುದಕ್ಕೂ ಸರಿಹೋಯಿತು. ಸೈಕಲ್ ಹತ್ತಿದವನು ಮನೆಗೆ ಬಂದೇ ಇಳಿದ. ಮಗು ಮೂಗು ಹಿಡಿದು ಎಳೆಯುತ್ತಿತ್ತು, ಅಜ್ಜ ಆನಂದದಿಂದ ಎಳೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಪ್ಯಾಂಟು ನೆನೆಹಾಕಲು ಹೋದ ಹೆಂಡತಿ ಬಚ್ಚಲಿನಿಂದ ಕೂಗಿದಳು.

"ಏನ್ರೀ, ನಿಮ್ಮ ಕೆಂಪು ಬೀಗದ ಕೈ ಇಲ್ಲೇ ಇದೆಯಲ್ಲ!"

ಮೇನ್ ಸ್ವಿಚ್ಚಿನ ಬೀಗ ತೆಗೆಯುವುದನ್ನೇ ಮರೆತು ಬಂದಿದ್ದ! ಸದ್ದಡಗಿಸಿಟ್ಟಿದ್ದ ಫೋನಿನಲ್ಲಿ ಹದಿನಾಲ್ಕು ಕರೆ. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ಮಗುವನ್ನು ಸೊಸೆಯ ಮಡಿಲಿಗೆ ಹಾಕಿ, ಎದ್ದೆನೋ ಬಿದ್ದೆನೋ ಎಂದು ಸೈಕಲ್ ತುಳಿದ. ಬೈಗುಳಕ್ಕೆ ಅವನು ಹೆದರಲಿಲ್ಲ, ಬೈಗುಳದಿಂದ ಮೈ ಸವೆಯುವುದಿಲ್ಲ. ಆದರೆ ಬೀಗ ಕತ್ತರಿಸಿಬಿಟ್ಟಿದ್ದರೆ? ಇವತ್ತು ಖಾಲಿ ಯಂತ್ರದ ಬೀಗ ಕತ್ತರಿಸಿದವರು ನಾಳೆ ಒಳಗೆ ಆಳಿದ್ದಾಗಲೂ ಕತ್ತರಿಸುತ್ತಾರೆ. ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅದೂ ತನ್ನ ಕೈಯಾರೆ.

ಕಾರ್ಖಾನೆಯಲ್ಲಿ ಯಂತ್ರದ ಸದ್ದಿರಲಿಲ್ಲ. ಮ್ಯಾನೇಜರ್ ಕೆಂಡಾಮಂಡಲವಾಗಿ, ಮಾರುದ್ದದ ಕಟರ್ ಹಿಡಿದು ನಿಂತಿದ್ದರು. ಅವರೆದುರು ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ಅಕ್ಕ ನಿಂತಿದ್ದಳು. ಅವಳ ಅಕ್ಕಪಕ್ಕ ಇಡೀ ಪಾಳಿಯ ಜನ.

"ಟಾರ್ಚ್ ಹಾಕಿ ನೋಡಿದ್ದಾಯ್ತಲ್ಲಮ್ಮ, ಒಳಗೆ ಯಾರೂ ಇಲ್ಲ. ಪಕ್ಕಕ್ಕೆ ಬಾ!" ಎಂದರು ಮ್ಯಾನೇಜರ್.

"ನೋಡಿದ್ದು ಯಂತ್ರಾನ ಸರ್, ಅಣ್ಣನ್ನ ಅಲ್ಲ. ಅಣ್ಣನ ಮುಖ ನೋಡೋವರೆಗೂ ಈ ಬೀಗಾನ ಯಾರೂ ಮುಟ್ಟೋ ಹಾಗಿಲ್ಲ."

"ಬಂದೆ, ಬಂದೆ!" ಬೀಗದಣ್ಣ ಏದುಸಿರು ಬಿಡುತ್ತಾ ಒಳನುಗ್ಗಿದ.

ಅಕ್ಕನ ಕಣ್ಣು ತುಂಬಿತು. ಮರುಕ್ಷಣವೇ ಬಾಯಿ ತೆರೆಯಿತು. "ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ! ಯಂತ್ರದ ಮೂಲೆಮೂಲೆಯಲ್ಲೂ ನಿಮ್ಮನ್ನ ಹುಡುಕಿದ್ವಲ್ಲಣ್ಣ! ನಮ್ಮ ಜೀವ ಏನಾಗಿರಬೇಡ?"

ಅರ್ಧ ಕಲಸಿದ್ದ ಹಿಟ್ಟು ಹುಳಿಯಾಯಿತೆಂದು ಮ್ಯಾನೇಜರ್ ಬೈದರು. ಬ್ರೆಡ್ ಕತ್ತರಿಸುವವರು ಬೈದರು, ಕಸ ಗುಡಿಸುವ ಅಜ್ಜಿಯೂ ತನ್ನ ಪಾಲಿನದು ಬೈದಳು. "ತಪ್ಪಾಯ್ತು, ನಂದೇ ತಪ್ಪು" ಎನ್ನುತ್ತಾ ಬೀಗದಣ್ಣ ಕೆಂಪು ಬೀಗವನ್ನು ತೆಗೆದ. ಅದರ ಮೇಲೆ ಕಟರಿನ ಒಂದು ಗೀರೂ ಇರಲಿಲ್ಲ. ಅವನು ತಲೆ ತಗ್ಗಿಸಿ, ಯಾರಿಗೂ ಕಾಣದ ಹಾಗೆ ನಗುತ್ತಾ, ಇನ್ನೂ ನಾಲ್ಕು ಮಾತು ಬೈಯಲಿ ಎಂದು ಅಲ್ಲೇ ನಿಂತಿದ್ದ.