ವಾಸನೆ ಹೋಗುವವರೆಗೆ

ಶಹಾಪುರದಲ್ಲಿ ಮಗ್ಗ ತುಳಿದು ಮೊಣಕಾಲು ಸವೆಸಿಕೊಂಡಿದ್ದ ಭೀಮಕ್ಕನಿಗೆ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಆಕೆ ಕುರ್ಚಿ ಬಿಟ್ಟೇಳಲಿಲ್ಲ. ಸೊಸೆ ತ್ರಿವೇಣಿ ಖಾನಾಪುರದ ತವರಿನಿಂದ ನಿಂಬೆಹುಲ್ಲಿನ ಎಣ್ಣೆ ತಂದು, ಕೊಬ್ಬರಿ ಎಣ್ಣೆಯಲ್ಲಿ ಕೆಲವು ಹನಿ ಬೆರೆಸಿ ತಿಕ್ಕಿದಳು. ನೋವು ತುಸು ಇಳಿಯಿತು.

"ವಾಸನಿ ಹೋಗೂತನಕಾ ಅಡ್ಡಾಡಿದ್ರಷ್ಟ ಎಣ್ಣಿ ಒಳಗ ಇಳೀತೈತಿ ನೋಡ್ರಿ ಅತ್ತಿ" ಎಂದು ಒಂದು ಸುಳ್ಳನ್ನೂ ಸೇರಿಸಿದಳು.

ಭೀಮಕ್ಕ ಕೋಲು ಹಿಡಿದು ಹೊರಟಳು. ಹೋದ ಮನೆಯಲ್ಲೆಲ್ಲ ಮೊಣಕಾಲು ಮೂಸಿಸಿ, ಚಹಾ ಕುಡಿದು, ಸೊಸೆಯನ್ನು ಮನಸಾರೆ ಆಡಿಕೊಂಡು ಸಂಜೆಗೆ ಮರಳಿದಳು.

"ವಾಸನಿ ಹೋತೇನ್ರಿ?"

"ಮಧ್ಯಾಹ್ನನ ಹೋತು. ನಿನ್ನ ಸುಳ್ಳು ನನಗ ಮುಂಜಾನೇನ ಗೊತ್ತಾಗಿತ್ತವಾ. ನಾಳೆನೂ ಹಚ್ಚು, ಇನ್ನೂ ಅರ್ಧ ಗಲ್ಲಿ ಉಳದೈತಿ!"