ಕುದುರೆಗೆ ರೋಗವೇ ಇರಲಿ ಎಂದ ಹಂಪಮ್ಮ

ಮಾನ್ವಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬೇಕೆಂದರೆ ಜನ ಮೊದಲು ಹಂಪಮ್ಮನ ಕದ ತಟ್ಟುತ್ತಾರೆ. ಗಂಡ ಸತ್ತಾಗ ಕುದುರೆ ಮಾರಿಬಿಡು ಎಂದವರ ಕಣ್ಣೆದುರೇ ಲಗಾಮು ಹಿಡಿದು ಬಜಾರಿನಲ್ಲಿ ನಡೆದ ಹೆಂಗಸು ಅವಳು. ನಾನು ಅವಳ ಓಣಿಯವನೇ. ಯಾವ ಮಾಸ್ತರನ ಮುಂದೆಯೂ ಕೈಕಟ್ಟಿ ನಿಲ್ಲದೆ, ಅಂಗಡಿಗಳ ಬೋರ್ಡು ಓದಿ ಅಕ್ಷರ ಕಲಿತವನು. ಕಂಡದ್ದನ್ನು ಕಂಡ ಹಾಗೆ ಹೇಳಲು ಅಷ್ಟು ಸಾಕು. ಹಂಪಮ್ಮನದು ಗಟ್ಟಿ ಎದೆ. ಆದರೆ ಆ ಎದೆಯೊಳಗೊಂದು ಒಲೆ ಉರಿಯುತ್ತದೆ. ಒಲೆಗೆ ಕಟ್ಟಿಗೆ ಒಟ್ಟಿದವನು ಪೀರಾ ಸಾಬ್.

ತಾಯಿ ಸತ್ತ ಕುದುರೆಮರಿಯನ್ನು ತಂದು, ಬಾಟಲಿಯಲ್ಲಿ ಹಾಲು ಕುಡಿಸಿ, ಸೆರಗಿನಿಂದ ಬಾಯಿ ಒರೆಸಿ ಬೆಳೆಸಿದವಳು ಹಂಪಮ್ಮ. ಗೌರಿ ಎಂದು ಹೆಸರಿಟ್ಟಳು. ಮೆರವಣಿಗೆಯಲ್ಲಿ ಕುದುರೆ ನಡೆಸಲು ಪೀರಾ ಸಾಬನನ್ನು ಕೆಲಸಕ್ಕಿಟ್ಟುಕೊಂಡಳು. ಅವನು ಅದನ್ನು ರಾಣಿ ಎಂದು ಕರೆದ. ಗೌರಿ ಎಂದರೆ ಒಂದು ಕಿವಿಯನ್ನಷ್ಟೇ ಅಲ್ಲಾಡಿಸುವ ಕುದುರೆ, ರಾಣಿ ಎಂದರೆ ಮೈಯೆಲ್ಲ ತಿರುಗಿಸಿ ಕೆನೆಯುತ್ತಿತ್ತು. ಹಂಪಮ್ಮ ಅದನ್ನು ಕಂಡೂ ಕಾಣದಂತೆ ಹುಲ್ಲು ಹಾಕುತ್ತಿದ್ದಳು.

ದೇವದುರ್ಗದ ಒಂದು ಮದುವೆಯಲ್ಲಿ ಆ ಒಲೆ ಧಗ್ಗೆಂದಿತು. ಪೀರಾ ಸಾಬ್ ಊಟಕ್ಕೆ ಹೋಗಿದ್ದ. ಮದುಮಗ ಹತ್ತಿ ಕೂತಿದ್ದ, ಬ್ಯಾಂಡು ಬಾರಿಸುತ್ತಿತ್ತು. ಹಂಪಮ್ಮ ಎಳೆದೇ ಎಳೆದಳು. ಕುದುರೆ ಹೆಜ್ಜೆ ಕೀಳದೆ ಊಟದ ಚಪ್ಪರದ ಕಡೆ ಕತ್ತು ತಿರುಗಿಸಿ ನಿಂತುಬಿಟ್ಟಿತು. ಮದುಮಗನ ಗೆಳೆಯನೊಬ್ಬ ಕೂಗಿದ:

"ಯವ್ವಾ, ಬಿಡ್ರಿ ನೀವು. ಕುದುರಿ ಮಾಲಕ ಉಂಡು ಬರಲಿ!"

ಮರುದಿನ ಬೆಳಗಾಗುತ್ತಲೇ ಪೀರಾ ಸಾಬನ ಕೆಲಸ ಹೋಯಿತು. ಅವನು ರಾಯಚೂರಿನ ಒಂದು ಬ್ಯಾಂಡ್ ಸೆಟ್ಟಿನವರ ಹತ್ತಿರ ಸೇರಿಕೊಂಡ. ಹಂಪಮ್ಮ ತಾನೇ ಕುದುರೆ ಹೊಡೆದುಕೊಂಡು ಕಾಲುವೆ ದಂಡೆಯ ಜಾಲಿ ಪೊದೆಗಳ ನಡುವೆ ಮೇಯಿಸತೊಡಗಿದಳು.

ವಾರವೊಪ್ಪತ್ತಿನಲ್ಲಿ ಕುದುರೆಯ ಹಿಂಗಾಲಿನ ಕೀಲು ಬಾತು ಬೇಲದ ಹಣ್ಣಿನಂತಾಯಿತು. ಗೊರಸು ನೆಲಕ್ಕೆ ಊರದು. ಟೆಂಪೋದಲ್ಲಿ ಹೇರಿಕೊಂಡು ರಾಯಚೂರಿಗೆ ಒಯ್ದೆವು. ದನದ ಡಾಕ್ಟರಮ್ಮ ಪೂರ್ಣಶ್ರೀ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ಎಲುಬು ಚಲೋ ಅದ್ರಿ. ಆದ್ರ ಎಕ್ಸ್‌ರೇದಾಗ ಕೀಲಿನೊಳಗಿನ ನಂಜು ಇಷ್ಟು ಲಗೂನ ಕಾಣಂಗಿಲ್ಲ. ಸ್ಕ್ಯಾನಿಂಗ್ ಮಾಡಬೇಕು. ಮಷಿನ್ ರಿಪೇರಿಗೆ ಹೋಗೇದ, ನಾಳಿಗೆ ತಪ್ಪದ ಕರಕೊಂಡು ಬರ್ರಿ."

ಹಂಪಮ್ಮನ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. ಅದನ್ನೇ ಓಣಿಯಲ್ಲಿ ಹೇಳಿದಳು. ಚಹಾದಂಗಡಿಯ ಯಂಕಣ್ಣನಿಗೆ ಅಷ್ಟು ಸಿಕ್ಕರೆ ಕೇಳಬೇಕೇ?

"ಎಲುಬು ಚಲೋ ಅದ ಅಂದ್ರ ಮತ್ಯಾಕ ಕುಂಟ್ತದ ಯಕ್ಕಾ? ಅದರ ಮನಸು ಕುಂಟಾಕತ್ತೇದ. ಪೀರಾ ಸಾಬನ ಧ್ಯಾನ ಹತ್ತೇದ ಅದಕ್ಕ!"

ಕಟ್ಟೆಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹಂಪಮ್ಮ ಮರುದಿನ ರಾಯಚೂರಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಸ್ಕ್ಯಾನಿಂಗಿನಲ್ಲೂ ಏನೂ ಸಿಗದಿದ್ದರೆ ಯಂಕಣ್ಣನ ಮಾತಿಗೆ ಸರ್ಕಾರಿ ಸಿಕ್ಕಾ ಬಿದ್ದಂತೆ ಎಂಬ ಅಂಜಿಕೆ ಅವಳಿಗೆ. ಎಣ್ಣೆ ಕಾಸಿ ಕೀಲಿಗೆ ತಿಕ್ಕುತ್ತ ಕುದುರೆಯನ್ನೇ ಬೈಯುತ್ತಿದ್ದಳು:

"ಎಲೀ ನಾಟಕದಾಕಿ, ಹಾಲು ಕುಡಿಸಿದಾಕಿ ನಾನು. ಕಾಲು ಎತ್ತೋದು ಅವನ ಸಲುವಾಗೇನು?"

ನಾನು ಕುದುರೆಯ ಮೈ ಮುಟ್ಟಿ ನೋಡಿದೆ. ಕಾದ ಹಂಚು.

"ಹಂಪವ್ವಾ, ಮೈ ಸುಡಾಕತ್ತೇದ. ಧ್ಯಾನ ಹತ್ತಿದ್ರ ಜ್ವರ ಬರ್ತಾವೇನು?"

ಅವಳ ಮುಖ ದೀಪ ಹಚ್ಚಿದಂತಾಯಿತು. "ಹೌದಲ್ಲಣ್ಣಾ! ಜ್ವರ ಅದಾವಂದ್ರ ರೋಗಽ ಇರಬೇಕು!" ಎಂದವಳೇ ಟೆಂಪೋ ಕರೆಸಿದಳು. ಕಲ್ಲೂರು ದಾಟುವವರೆಗೂ, "ಮಲ್ಲಯ್ಯಾ, ರೋಗಽ ಇರಲಪ್ಪಾ" ಎಂದು ಮನೆದೇವರಿಗೆ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಸಾಕಿದ ಪ್ರಾಣಿಗೆ ರೋಗ ಬೇಡಿಕೊಂಡವರನ್ನು ನಾನು ಕಂಡದ್ದು ಅದೇ ಮೊದಲು.

ದವಾಖಾನೆಯ ಗೇಟಿನಲ್ಲಿ ಪೀರಾ ಸಾಬ್ ಕೂತಿದ್ದ. ಟೆಂಪೋದವನು ಸುದ್ದಿ ಮುಟ್ಟಿಸಿದ್ದನಂತೆ. ಅವನನ್ನು ಕಂಡದ್ದೇ ತಡ, ಮೂರೇ ಕಾಲಿನ ಮೇಲೆ ನಿಂತಿದ್ದ ಕುದುರೆ ಕೆನೆಯಿತು. ಹಂಪಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಅವನು ನಮ್ಮ ಹಿಂದೆಯೇ ಒಳಗೆ ಬಂದು ಮೂಲೆಯಲ್ಲಿ ಕೂತ.

ಪೂರ್ಣಶ್ರೀ ಮಂಪರಿನ ಸೂಜಿ ಕೊಟ್ಟು, ಕೀಲಿನ ಕೂದಲು ಬೋಳಿಸಿ, ಲೋಳೆಯಂಥದ್ದನ್ನು ಸವರಿ ಮಷಿನ್ ಆಡಿಸಿದಳು. ಪರದೆಯ ಮೇಲೆ ಬೂದಿ ಬಣ್ಣದ ಮೋಡಗಳು ಓಡಾಡಿದವು.

"ಕೀಲಿನ ನೀರು ಕರ್ರಗ ಕಾಣಬೇಕಿತ್ತು. ಇಲ್ನೋಡ್ರಿ, ನುಚ್ಚಿನ ಗಂಜಿ ಹಂಗ ಅದ. ಈ ಬೆಳ್ಳನ ಗೀಟು ಅದಲ್ರೀ, ಇದು ಮುಳ್ಳು. ಮುಳ್ಳಂದ್ರ ಕಟ್ಟಿಗಿ ಜಾತಿ ನೋಡ್ರಿ, ಅದಕ್ಕಽ ಎಕ್ಸ್‌ರೇಗೆ ಸಿಗಲಿಲ್ಲ." ಸೂಜಿ ಹಾಕಿ ಎಳೆದಾಗ ಹಳದಿ ರಾಡಿ ಬಂತು. "ಜಾಲಿ ಮುಳ್ಳೇ ಇದು. ಜಾಲ್ಯಾಗ ಯಾರು ಮೇಯಿಸಿದ್ರಿ?"

ಬೇರೆ ಯಾರೇ ಆಗಿದ್ದರೂ ತಲೆ ತಗ್ಗಿಸುತ್ತಿದ್ದರು. ಹಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ದವಾಖಾನೆಯೆಲ್ಲ ಕೇಳುವಂತೆ ಅಂದಳು:

"ನಾನಽ ಮೇಯಿಸಿದ್ದು! ಕೇಳಿದೇನೋ ಪೀರಾ? ಮುಳ್ಳಂತ, ಮುಳ್ಳು! ನಿನ್ನ ಧ್ಯಾನ ಅಲ್ಲ!"

ಪೀರಾ ಸಾಬನ ಮುಖ ಬಾಡಿತು. ಯಂಕಣ್ಣನ ಮಾತು ಅವನಿಗೂ ಮುಟ್ಟಿತ್ತು. ಅದನ್ನೇ ಬೆಲ್ಲದಂತೆ ಚೀಪುತ್ತಿದ್ದ ಪಾಪ.

"ಖುಷಿಪಡೋ ಮಾತಲ್ರೀ ಇದು," ಪೂರ್ಣಶ್ರೀ ಗದರಿದಳು. "ನಂಜು ಹಿಂಗಽ ಬಿಟ್ರ ಎಲುಬು ತಿಂತದ. ನಾ ಹೇಳಿದ ದಿನ ಬಂದಿದ್ರ ಸಲೀಸಿತ್ತು. ಈಗ ಮುಳ್ಳು ತೆಗೆದು ಕೀಲು ತೊಳೀತೀನಿ. ಕಾಲು ಉಳೀತದ ಅಂತ ಮಾತು ಕೊಡಂಗಿಲ್ಲ."

ಹಂಪಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಕುದುರೆಯ ಬಾಯಿ ಒರೆಸತೊಡಗಿದಳು.

"ಮಂಪರು ಎಷ್ಟೇ ಇದ್ರೂ ಕೀಲು ಮುಟ್ಟಿದ್ರ ಒದೀತದ. ಅದು ಯಾರ ಮಾತು ಕೇಳ್ತದೋ ಅವರು ತಲಿ ಹತ್ರ ನಿಲ್ರಿ. ಯಾರು ನಿಲ್ತೀರಿ?"

ಪೀರಾ ಸಾಬ್ ಎದ್ದವನು ಹಾಗೇ ನಿಂತ, ಹಂಪಮ್ಮನನ್ನೇ ನೋಡುತ್ತ. ಅವಳು ಕುದುರೆಯ ಮುಖ ನೋಡಿದಳು, ಬಾತ ಕೀಲು ನೋಡಿದಳು. ಕೈಯಲ್ಲಿದ್ದ ಹಗ್ಗವನ್ನು ಅವನ ಕಡೆ ಎಸೆದು ಅಂದಳು:

"ಅವ ನಿಲ್ತಾನ್ರಿ."

ಅವನು ತಲೆ ತಬ್ಬಿ ನಿಂತ. ಡಾಕ್ಟರಮ್ಮನ ಹಿಂದೆ ಬಕೆಟ್ ಹಿಡಿದು ಹಂಪಮ್ಮ ನಿಂತಳು. "ರಾಣಿ, ರಾಣಿ" ಎಂದು ಅವನು ಗುಣುಗುವಾಗ ಅವಳ ಹಲ್ಲು ಕಟಕಟ ಎಂದದ್ದು ನನಗೆ ಕೇಳಿಸಿತು.

ಕಾಲು ಉಳಿಯಿತು. ತಿಂಗಳು ಕಳೆದ ಮೇಲೆ ಮತ್ತೆ ಸ್ಕ್ಯಾನಿಂಗಿಗೆ ಹೋದಾಗ ಕೀಲಿನ ನೀರು ಬಾವಿಯಂತೆ ಕರ್ರಗೆ ತಿಳಿಯಾಗಿತ್ತು. ಅಷ್ಟೊತ್ತಿಗೆ ಪೀರಾ ಸಾಬ್ ಹಳೆಯ ಕೆಲಸಕ್ಕೆ ಮರಳಿದ್ದ. ಕುದುರೆ ಅವನ ಹೆಗಲ ಮೇಲೆ ಗದ್ದ ಊರಿ ನಿಂತಿತ್ತು. ಹಂಪಮ್ಮ ಓರೆಗಣ್ಣಿನಲ್ಲಿ ಅದನ್ನು ನೋಡಿ ಕೇಳಿದಳು:

"ಡಾಕ್ಟರವ್ವಾ, ಎದಿಯೊಳಗ ಯಾರು ಅದಾರಂತ ಈ ಮಷಿನ್‌ದಾಗ ಕಾಣ್ತದೇನ್ರಿ?"

"ಇಲ್ರೀ, ಅದೆಲ್ಲ ಕಾಣಂಗಿಲ್ಲ," ಪೂರ್ಣಶ್ರೀ ನಕ್ಕಳು.

"ಚಲೋ ಆತು ಬಿಡ್ರಿ," ಎಂದು ಹಂಪಮ್ಮ ಅವರಿಬ್ಬರ ನಡುವೆ ನುಗ್ಗಿ ಹಗ್ಗ ಕಸಿದುಕೊಂಡಳು. "ಏ ಪೀರಾ, ನಿಂತೇನ್ ನೋಡ್ತಿ? ಟೆಂಪೋ ಕರಿ ಹೋಗು."